ಟ್ರಕ್ ಲೀಸ್‌ಗೆ ತಗೊಳ್ಳಲೋ, ಕಂಪನಿ ಗಾಡಿಯನ್ನೇ ಓಡಿಸಲೋ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಸಿಡಿಎಲ್, ಅಂದರೆ ವಾಣಿಜ್ಯ ವಾಹನ ಓಡಿಸುವ ಲೈಸೆನ್ಸ್ ತಗೊಂಡು ಒಂದೆರಡು ವರ್ಷ ಗಾಡಿ ಓಡಿಸಿದ ಯಾರಿಗೇ ಆಗಲಿ, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಎಷ್ಟು ದಿನ ಅಂತ ಕಂಪನಿ ಗಾಡಿ ಓಡಿಸ್ತೀರಿ? ಮುಂಗಡ ಬೇಡ, ಕ್ರೆಡಿಟ್ ಸ್ಕೋರ್ ನೋಡಲ್ಲ, ಇವತ್ತೇ ಕೀ ತಗೊಳ್ಳಿ." ನಾನು ಮೂರು ವರ್ಷ ಕಂಪನಿ ಡ್ರೈವರ್ ಆಗಿದ್ದೆ. ಆಮೇಲೆ ಹದಿನಾಲ್ಕು ತಿಂಗಳು ಲೀಸ್ ಗಾಡಿ ಓಡಿಸಿದೆ. ಈಗ ಮತ್ತೆ ಕಂಪನಿ ಗಾಡಿಗೇ ಬಂದಿದ್ದೇನೆ. ಹೊಸಬರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಲೀಸ್ ಅಂದರೆ ಇಲ್ಲಿ ನಿಜವಾಗಿ ಏನು?

ನಮ್ಮ ಭಾಷೆಯಲ್ಲಿ ಲೀಸ್ ಅಂದ ಕೂಡಲೇ ಮನೆ ಲೀಸ್ ನೆನಪಾಗುತ್ತದೆ. ದೊಡ್ಡ ಮೊತ್ತ ಕೊಟ್ಟು ಕೂತರೆ, ಬಿಡುವಾಗ ಅಷ್ಟೂ ವಾಪಸ್ ಬರುತ್ತದೆ. ಆ ಅರ್ಥವನ್ನು ಮೊದಲು ತಲೆಯಿಂದ ತೆಗೆಯಿರಿ. ಇಲ್ಲಿ ಲೀಸ್ ಅಂದರೆ ವಾರದ ಬಾಡಿಗೆ. ಗಾಡಿ ಓಡಲಿ, ನಿಂತಿರಲಿ, ವಾರ ತುಂಬಿದ ಕೂಡಲೇ ಬಾಡಿಗೆ ಕಡಿತವಾಗುತ್ತದೆ.

ಇದರಲ್ಲಿ ಮೂರು ಬಗೆಯಿದೆ. ಒಂದು, ಅವಧಿ ಮುಗಿದ ಮೇಲೆ ಗಾಡಿ ವಾಪಸ್ ಕೊಟ್ಟು ಹೋಗುವ ಬರೀ ಬಾಡಿಗೆ. ಎರಡು, ಲೀಸ್-ಪರ್ಚೇಸ್: ಲೋಡ್ ಕೊಡುವ ಕಂಪನಿಯೋ ಅದರದ್ದೇ ಅಂಗಸಂಸ್ಥೆಯೋ ಗಾಡಿಯನ್ನೂ ಕೊಡುತ್ತದೆ, ಮೂರ್ನಾಲ್ಕು ವರ್ಷ ಕಟ್ಟಿದ ಮೇಲೆ ಕೊಳ್ಳಬಹುದು ಎನ್ನುತ್ತದೆ. ಮೂರು, ಲೋಡ್ ಕೊಡುವವರಿಗೆ ಸಂಬಂಧವೇ ಇಲ್ಲದ ಬ್ಯಾಂಕ್ ಅಥವಾ ಡೀಲರ್ ಹತ್ತಿರ ಗಾಡಿ ತಗೊಂಡು, ಅದನ್ನು ಒಂದು ಕಂಪನಿಗೆ ಅಟ್ಯಾಚ್ ಮಾಡುವುದು. ಮೂರಕ್ಕೂ ಬಾಯಲ್ಲಿ ಲೀಸ್ ಅಂತಲೇ ಹೇಳುತ್ತಾರೆ. ಜನ ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಎರಡನೆಯದರಲ್ಲಿ. ಹಾಗಾಗಿ ಇಲ್ಲಿ ಹೆಚ್ಚು ಮಾತು ಅದರದ್ದೇ.

ಲೀಸ್ ತಗೊಂಡರೆ ನಾನು ಓನರ್ ಆದ ಹಾಗಲ್ಲವೇ?

ಖರ್ಚಿನ ಮಟ್ಟಿಗೆ ಓನರ್. ಹಕ್ಕಿನ ಮಟ್ಟಿಗೆ ಅಲ್ಲ.

ಗಾಡಿಯ ಬಾಗಿಲ ಮೇಲೆ ಕಂಪನಿಯ ಹೆಸರು, ಕಂಪನಿಯ ಡಿಒಟಿ ನಂಬರ್ (ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ) ಇರುತ್ತದೆ. ಲೀಸ್ ಅವಧಿಯಲ್ಲಿ ಗಾಡಿ ಕಂಪನಿಯೊಂದರ ಸ್ವಾಧೀನದಲ್ಲೇ ಇರಬೇಕು, ಹೊಣೆಯೂ ಅದರದ್ದೇ ಎಂದು ಅಮೆರಿಕದ ಕೇಂದ್ರ ಸರ್ಕಾರದ ನಿಯಮವೇ ಹೇಳುತ್ತದೆ. ಲೀಸ್-ಪರ್ಚೇಸ್ ಗಾಡಿಯನ್ನು ತಗೊಂಡು ಹೋಗಿ, ಹೆಚ್ಚು ದುಡ್ಡು ಕೊಡುವ ಬೇರೆ ಕಂಪನಿಯ ಲೋಡ್ ಎಳೆಯಲು ಸಾಮಾನ್ಯವಾಗಿ ಒಪ್ಪಂದ ಬಿಡುವುದಿಲ್ಲ. ನನ್ನ ಹದಿನಾಲ್ಕು ತಿಂಗಳಲ್ಲಿ ನಾನು ಕಲಿತದ್ದು ಇದೊಂದೇ: ಲೋಡ್ ಕೊಡುವವರೂ ಗಾಡಿ ಕೊಡುವವರೂ ಒಬ್ಬರೇ ಆದರೆ ಹಗ್ಗದ ಎರಡು ತುದಿಯೂ ಅವರ ಕೈಯಲ್ಲಿರುತ್ತದೆ. ಬಾಡಿಗೆ ಎಷ್ಟು ಅನ್ನುವುದೂ ಅವರ ತೀರ್ಮಾನ, ಆ ಬಾಡಿಗೆ ಕಟ್ಟಲು ನಿಮಗೆ ಎಷ್ಟು ಮೈಲಿ ಸಿಗಬೇಕು ಅನ್ನುವುದೂ ಅವರ ತೀರ್ಮಾನ.

ಕಂಪನಿ ಡ್ರೈವರ್‌ಗೆ ಮೈಲಿಗೆ 60 ಸೆಂಟ್, ಲೀಸ್‌ನವರಿಗೆ 1 ಡಾಲರ್ 75 ಸೆಂಟ್ ಅಂತಾರೆ. ಮತ್ತೆ ಲೀಸ್ ಲಾಭವೇ ಅಲ್ಲವೇ?

ಇದಕ್ಕೆ ನಿಧಾನವಾಗಿ ಲೆಕ್ಕ ಹಾಕೋಣ. ಅಂಕಿಗಳನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ನಿಮ್ಮ ಒಪ್ಪಂದದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ.

ವಾರದ ಬಾಡಿಗೆ 950 ಡಾಲರ್. ವಿಮೆ, ನಂಬರ್ ಪ್ಲೇಟ್, ಓಡಿಸಿದ ಗಂಟೆ ದಾಖಲಿಸುವ ಇಎಲ್‌ಡಿ ಯಂತ್ರ, ಇತರೆ ಕಡಿತ ಸೇರಿ 250. ಅಂದರೆ ಕೀ ತಿರುಗಿಸುವ ಮೊದಲೇ ವಾರಕ್ಕೆ 1,200 ಡಾಲರ್ ಹೋಯಿತು. ಗಾಡಿ ಗ್ಯಾಲನ್‌ಗೆ ಆರೂವರೆ ಮೈಲಿ ಕೊಡುತ್ತದೆ, ಡೀಸೆಲ್ 3 ಡಾಲರ್ 80 ಸೆಂಟ್ ಅಂದುಕೊಳ್ಳಿ. ಮೈಲಿಗೆ ಸುಮಾರು 58 ಸೆಂಟ್ ಡೀಸೆಲ್‌ಗೆ. ಟೈರು, ಆಯಿಲ್, ರಿಪೇರಿಗೆ ಅಂತ ಮೈಲಿಗೆ 12 ಸೆಂಟ್ ಎತ್ತಿಡಲೇಬೇಕು. 1.75ರಲ್ಲಿ ಇಷ್ಟು ಕಳೆದರೆ ಕೈಗೆ ಉಳಿಯುವುದು ಮೈಲಿಗೆ ಸುಮಾರು 1 ಡಾಲರ್ 4 ಸೆಂಟ್.

ಈಗ ನೋಡಿ. ವಾರಕ್ಕೆ 3,200 ಮೈಲಿ ಓಡಿದರೆ ಕಂಪನಿ ಡ್ರೈವರ್‌ಗೆ 1,920 ಡಾಲರ್, ಲೀಸ್‌ನವರಿಗೆ ಸುಮಾರು 2,145. 2,500 ಮೈಲಿ ಓಡಿದರೆ ಕಂಪನಿ ಡ್ರೈವರ್‌ಗೆ 1,500, ಲೀಸ್‌ನವರಿಗೆ 1,413. 1,500 ಮೈಲಿಯ ವಾರದಲ್ಲಿ ಕಂಪನಿ ಡ್ರೈವರ್‌ಗೆ 900, ಲೀಸ್‌ನವರಿಗೆ 368. ಒಂದು ಮೈಲಿಯೂ ಓಡದಿದ್ದರೆ ಕಂಪನಿ ಡ್ರೈವರ್‌ಗೆ ಸೊನ್ನೆ, ಲೀಸ್‌ನವರ ತಲೆ ಮೇಲೆ 1,200 ಡಾಲರ್ ಸಾಲ.

ಈ ಲೆಕ್ಕದಲ್ಲಿ ವಾರದ ಮೊದಲ 1,150 ಮೈಲಿ ಪೂರ್ತಿ ಗಾಡಿಗೇ ಓಡಿಸಿದ ಹಾಗೆ. ಸೋಮವಾರ, ಮಂಗಳವಾರ ಎರಡು ದಿನ ಹಗಲಿಡೀ ಸ್ಟೀರಿಂಗ್ ಹಿಡಿದರೂ ಮನೆಗೆ ಒಂದು ಡಾಲರ್ ಇಲ್ಲ. ಕಂಪನಿ ಡ್ರೈವರ್‌ಗೆ ಸರಿಸಮ ಆಗಬೇಕಾದರೆ ಸುಮಾರು 2,700 ಮೈಲಿ ದಾಟಬೇಕು. ಅದೂ ತೆರಿಗೆಗೆ ಮುಂಚಿನ ಮಾತು. ಮನೆಗೆ ಹೋದ ವಾರಗಳನ್ನೂ ಸೇರಿಸಿ ವರ್ಷಪೂರ್ತಿ ಆ ಸರಾಸರಿ ಬರಬೇಕು ಅನ್ನುವುದನ್ನು ಮರೆಯಬೇಡಿ. ದಿನಕ್ಕೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಎಂಟು ದಿನದಲ್ಲಿ 70 ಗಂಟೆ ಕೆಲಸ ದಾಟುವಂತಿಲ್ಲ. ಇನ್ನಷ್ಟು ದುಡಿದು ಸರಿಮಾಡುತ್ತೇನೆ ಎಂದರೆ ಅದಕ್ಕೂ ಮಿತಿಯಿದೆ.

ಇನ್ನೊಂದು ಅಂಕಿ ನೆನಪಿಡಿ. ಅಮೆರಿಕನ್ ಟ್ರಾನ್ಸ್‌ಪೋರ್ಟೇಶನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಲೆಕ್ಕದ ಪ್ರಕಾರ 2023ರಲ್ಲಿ ಟ್ರಕ್ ಓಡಿಸುವ ಸರಾಸರಿ ಖರ್ಚು ಮೈಲಿಗೆ 2 ಡಾಲರ್ 27 ಸೆಂಟ್, ಡ್ರೈವರ್ ಸಂಬಳವೂ ಅದರಲ್ಲೇ ಸೇರಿದೆ. ನೂರಾರು ಗಾಡಿ ಇಟ್ಟು, ಡೀಸೆಲ್ ಅನ್ನು ಸಗಟು ದರದಲ್ಲಿ ಹಾಕಿಸುವ ಕಂಪನಿಗಳ ಖರ್ಚೇ ಇಷ್ಟಿರುವಾಗ, ಒಂದೇ ಗಾಡಿಯ ನೀವು ಅದಕ್ಕಿಂತ ತುಂಬಾ ಕಡಿಮೆಗೆ ಓಡಿಸುತ್ತೇವೆ ಎಂದು ಲೆಕ್ಕ ಹಾಕಿಕೊಳ್ಳಬೇಡಿ.

"ಮೈಲಿ" ಅಂದರೆ ಓಡಿದ ಮೈಲಿಯೇ ತಾನೇ?

ಅಲ್ಲ. ಕೆಲವು ಕಂಪನಿಗಳು ಊರಿನಿಂದ ಊರಿಗೆ ನಕ್ಷೆಯಲ್ಲಿ ಇರುವ ಅತಿ ಹತ್ತಿರದ ದಾರಿಯ ಲೆಕ್ಕ ಹಿಡಿಯುತ್ತವೆ. ಮೀಟರ್‌ನಲ್ಲಿ ಅದಕ್ಕಿಂತ ಹೆಚ್ಚು ಬಂದಿರುತ್ತದೆ. ಖಾಲಿ ಗಾಡಿ ಓಡಿಸಿದ್ದಕ್ಕೆ, ಅಂದರೆ ಡೆಡ್‌ಹೆಡ್‌ಗೆ, ಕಡಿಮೆ ದರ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಕಂಪನಿ ಡ್ರೈವರ್‌ಗೆ ಇದರಿಂದ ಸಂಬಳ ಕಡಿಮೆಯಾಗುತ್ತದೆ ಅಷ್ಟೇ. ಲೀಸ್‌ನವರು ಆ ಮೈಲಿಗೆ ಡೀಸೆಲ್ಲನ್ನೂ ಸ್ವಂತ ದುಡ್ಡಲ್ಲಿ ಸುಡುತ್ತಾರೆ.

ಗಾಡಿ ಕೆಟ್ಟು ನಿಂತರೆ?

ನನ್ನ ಅನುಭವವನ್ನೇ ಹೇಳುತ್ತೇನೆ. ಫೆಬ್ರುವರಿ ತಿಂಗಳು, ವಯೋಮಿಂಗ್‌ನಲ್ಲಿ ಐ-80 ಹೆದ್ದಾರಿ. ರಾಲಿನ್ಸ್ ದಾಟಿ ಲಾರಮಿ ಕಡೆ ಬರುತ್ತಿದ್ದೆ. ಗಾಳಿಗೆ ಟ್ರೇಲರ್ ಅಲ್ಲಾಡುತ್ತಿತ್ತು. ಡ್ಯಾಶ್‌ಬೋರ್ಡ್‌ನಲ್ಲಿ ಮೊದಲು ಹಳದಿ ದೀಪ, ಆಮೇಲೆ ಕೆಂಪು. ಹೊಗೆ ಶುದ್ಧ ಮಾಡುವ ವ್ಯವಸ್ಥೆಯಲ್ಲಿ ದೋಷ, ಇಂಜಿನ್ ತಾನಾಗಿಯೇ ವೇಗ ಇಳಿಸುತ್ತಾ ಬಂದು ಗಂಟೆಗೆ ಐದು ಮೈಲಿಗೆ ನಿಂತಿತು. ಅಲ್ಲಿಂದ ಎಳೆದುಕೊಂಡು ಹೋಗುವ ಗಾಡಿ ಬರಲು ನಾಲ್ಕು ಗಂಟೆ. ಶೆಡ್‌ನಲ್ಲಿ ಒಂದು ಸೆನ್ಸರ್ ಬರಬೇಕು ಅಂತ ಒಂಬತ್ತು ದಿನ ಕಾಯಿಸಿದರು.

ಕಂಪನಿ ಡ್ರೈವರ್ ಆಗಿದ್ದಾಗ ಇಂಥದ್ದೇ ಆಗಿತ್ತು. ಆಗ ಕಂಪನಿಯೇ ಹೋಟೆಲ್ ರೂಮ್ ಹಾಕಿಕೊಟ್ಟಿತು, ದಿನಕ್ಕೆ ಇಷ್ಟು ಅಂತ ಬ್ರೇಕ್‌ಡೌನ್ ಭತ್ಯೆ ಕೊಟ್ಟಿತು, ಮೂರನೇ ದಿನ ಬೇರೆ ಗಾಡಿ ಕೊಟ್ಟಿತು. ಈ ಸಲ ರೂಮಿನ ಬಾಡಿಗೆ ನನ್ನದು, ಟೋಯಿಂಗ್ ನನ್ನದು, ರಿಪೇರಿ ನನ್ನದು. ಶುಕ್ರವಾರ ಫೋನ್‌ಗೆ ಸೆಟ್ಲ್‌ಮೆಂಟ್, ಅಂದರೆ ವಾರದ ಲೆಕ್ಕಪತ್ರ, ಬಂತು. ಮೇಲಿನ ಭಾಗದಲ್ಲಿ ಲೋಡ್ ಸಾಲುಗಳಿರುವ ಜಾಗ ಖಾಲಿ. ಕೆಳಗೆ ಮಾತ್ರ ಒಂದೂ ತಪ್ಪದೆ ಎಲ್ಲ ಸಾಲುಗಳು: ಟ್ರಕ್ ಬಾಡಿಗೆ, ವಿಮೆ, ಇಎಲ್‌ಡಿ, ಠೇವಣಿ, ಟೋಯಿಂಗ್‌ಗೆ ಕೊಟ್ಟ ಮುಂಗಡ. ಕೊನೆಯ ಅಂಕಿಯ ಹಿಂದೆ ಒಂದು ಸಣ್ಣ ಅಡ್ಡಗೆರೆ. ದುಡಿಯಲು ಬಂದವನು ವಾರದ ಕೊನೆಗೆ ಕಂಪನಿಗೇ ಕೊಡಬೇಕಾದ್ದು ಅದು. ಆ ಬಾಕಿ ಮುಂದಿನ ಆರು ವಾರದ ಸೆಟ್ಲ್‌ಮೆಂಟ್‌ಗಳನ್ನು ತಿಂದಿತು. ಮನೆಗೆ ಫೋನ್ ಮಾಡಿ ಈ ತಿಂಗಳು ದುಡ್ಡು ಕಳಿಸಲು ಆಗುವುದಿಲ್ಲ ಎಂದು ಹೇಳಿದ್ದು ಇನ್ನೂ ನೆನಪಿದೆ.

ಅದಕ್ಕೇ ಹೇಳುವುದು, ಬೇರೇನು ಕೇಳದಿದ್ದರೂ ಈ ಎರಡನ್ನು ಕೇಳಿ: ಗಾಡಿ ಶೆಡ್‌ನಲ್ಲಿದ್ದಾಗಲೂ ಬಾಡಿಗೆ ಓಡುತ್ತದೆಯೇ? ವಾರಂಟಿ ಎಷ್ಟು ಮೈಲಿಗೆ, ಯಾವ ಯಾವ ಭಾಗಕ್ಕೆ? ಹೊಗೆ ಶುದ್ಧೀಕರಣದ ಭಾಗಗಳು ಅದರಲ್ಲಿ ಸೇರಿವೆಯೇ ಎಂದು ಹೆಸರು ಹಿಡಿದು ಕೇಳಿ.

ಡೀಸೆಲ್ ದರ ಏರಿದರೆ ಸರ್‌ಚಾರ್ಜ್ (ಡೀಸೆಲ್‌ಗೆಂದು ಕೊಡುವ ಹೆಚ್ಚುವರಿ ಹಣ) ಸಿಗುತ್ತದಲ್ಲ?

ಸಿಗುತ್ತದೆ, ಆದರೆ ಪೂರ್ತಿ ನಿಮ್ಮ ಕೈಗೆ ಬರುತ್ತದೆಯೋ ಇಲ್ಲವೋ ಎಂದು ಒಪ್ಪಂದದಲ್ಲಿ ನೋಡಬೇಕು. ಸರ್‌ಚಾರ್ಜ್ ಸಾಮಾನ್ಯವಾಗಿ ಸರ್ಕಾರದ ಇಂಧನ ಮಾಹಿತಿ ಇಲಾಖೆ ವಾರಕ್ಕೊಮ್ಮೆ ಪ್ರಕಟಿಸುವ ಸರಾಸರಿ ದರದ ಮೇಲೆ ನಿಂತಿರುತ್ತದೆ. ಲೋಡ್ ಇದ್ದ ಮೈಲಿಗೆ ಮಾತ್ರ ಕೊಡುವುದೇ ಹೆಚ್ಚು. ಇಂಜಿನ್ ಆನ್ ಇಟ್ಟು ಮಲಗಿದ ರಾತ್ರಿಗೂ, ಖಾಲಿ ಓಡಿದ ದಾರಿಗೂ ಇಲ್ಲ. 2022ರ ಜೂನ್‌ನಲ್ಲಿ ದೇಶದ ಸರಾಸರಿ ಡೀಸೆಲ್ ದರ ಗ್ಯಾಲನ್‌ಗೆ 5 ಡಾಲರ್ 80 ಸೆಂಟ್ ದಾಟಿತ್ತು. ಮೇಲಿನ ಲೆಕ್ಕದಲ್ಲಿ 3.80 ಇದ್ದ ಕಡೆ ಅದನ್ನು ಹಾಕಿದರೆ ಬರೀ ಡೀಸೆಲ್‌ಗೇ ಮೈಲಿಗೆ 89 ಸೆಂಟ್.

ತೆರಿಗೆ ಹೇಗೆ?

ಕಂಪನಿ ಡ್ರೈವರ್‌ಗೆ ವರ್ಷದ ಕೊನೆಗೆ ಡಬ್ಲ್ಯು-2, ಅಂದರೆ ನೌಕರರ ಸಂಬಳದ ಫಾರ್ಮ್ ಬರುತ್ತದೆ. ತೆರಿಗೆ ಪ್ರತಿ ಸಂಬಳದಲ್ಲೂ ಹಿಡಿದಿರುತ್ತಾರೆ. ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ನೀವು 7.65% ಕೊಟ್ಟರೆ ಕಂಪನಿಯೂ ಅಷ್ಟೇ ಕೊಡುತ್ತದೆ. ಲೀಸ್‌ನವರಿಗೆ ಬರುವುದು 1099, ಅಂದರೆ ಸ್ವತಂತ್ರ ಗುತ್ತಿಗೆದಾರರ ಫಾರ್ಮ್. ಅಲ್ಲಿ ಎರಡೂ ಪಾಲು ನಿಮ್ಮದೇ, 15.3%. ಆದಾಯ ತೆರಿಗೆ ಅದರ ಮೇಲೆ ಬೇರೆ. ಅದನ್ನು ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಯಲ್ಲಿ ನೀವೇ ಕಟ್ಟುತ್ತಾ ಹೋಗಬೇಕು. ಮೊದಲ ವರ್ಷ ಎಷ್ಟೋ ಜನ ಇದನ್ನು ಮರೆತು, ಮುಂದಿನ ಏಪ್ರಿಲ್‌ನಲ್ಲಿ ಒಟ್ಟಿಗೆ ದೊಡ್ಡ ಮೊತ್ತ ಕಂಡು ಕಂಗಾಲಾಗುತ್ತಾರೆ.

ಲೀಸ್‌ನವರಿಗೆ ಅನುಕೂಲವೂ ಇದೆ, ಅದನ್ನೂ ಹೇಳಬೇಕು. ಬಾಡಿಗೆ, ಡೀಸೆಲ್, ರಿಪೇರಿ ಎಲ್ಲವನ್ನೂ ಖರ್ಚು ಎಂದು ತೋರಿಸಬಹುದು. ಮನೆಯಿಂದ ಹೊರಗೆ ಇದ್ದ ದಿನಗಳಿಗೆ ಊಟದ ಲೆಕ್ಕವಾಗಿ ದಿನಕ್ಕೆ 80 ಡಾಲರ್ (2024ರ ಅಕ್ಟೋಬರ್‌ನಿಂದ ಈ ದರ) ಹಿಡಿದು ಅದರ 80% ಕಳೆಯಬಹುದು. ಡಬ್ಲ್ಯು-2 ಡ್ರೈವರ್‌ಗಳಿಗೆ ಈ ಕಡಿತ 2018ರಿಂದ ಕೇಂದ್ರದ ತೆರಿಗೆಯಲ್ಲಿ ಇಲ್ಲ. ಟ್ರಕ್ ಲೆಕ್ಕ ಗೊತ್ತಿರುವ ಅಕೌಂಟೆಂಟ್ ಒಬ್ಬರನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಭಾರೀ ವಾಹನಗಳ ವಾರ್ಷಿಕ ರಸ್ತೆ ತೆರಿಗೆ, ಅಂದರೆ ಫಾರ್ಮ್ 2290ರಲ್ಲಿ ಕಟ್ಟುವುದು, ದೊಡ್ಡ ಗಾಡಿಗೆ 550 ಡಾಲರ್ ಬರುತ್ತದೆ. ಅದು ಯಾರ ತಲೆ ಮೇಲೆ ಅಂತಲೂ ಒಪ್ಪಂದದಲ್ಲೇ ನೋಡಿಕೊಳ್ಳಿ.

ಕಾನೂನು ನನ್ನ ಪರವಾಗಿ ಏನು ಹೇಳುತ್ತದೆ?

ಬಹಳ ಹೇಳುತ್ತದೆ. ಎಷ್ಟೋ ಡ್ರೈವರ್‌ಗಳಿಗೆ ಇದು ಗೊತ್ತೇ ಇಲ್ಲ ಅನ್ನುವುದು ನನಗೆ ತುಂಬಾ ಸಂಕಟದ ವಿಷಯ. ಕೇಂದ್ರ ನಿಯಮಾವಳಿ 49ರ ಭಾಗ 376, ಜನ ಕರೆಯುವುದು ಟ್ರೂಥ್ ಇನ್ ಲೀಸಿಂಗ್ ಅಂತ. ಒಪ್ಪಂದ ಬರವಣಿಗೆಯಲ್ಲಿ ಇರಬೇಕು, ನಿಮಗೆ ಎಷ್ಟು ಕೊಡುತ್ತಾರೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಟ್ರಿಪ್‌ನ ಕಾಗದಪತ್ರ ಒಪ್ಪಿಸಿದ 15 ದಿನದೊಳಗೆ ದುಡ್ಡು ಕೊಡಬೇಕು. ಲೋಡ್ ಹಣದಲ್ಲಿ ಶೇಕಡಾವಾರು ಪಾಲು ಎಂದಿದ್ದರೆ, ಗಿರಾಕಿಗೆ ಹಾಕಿದ ಬಿಲ್ಲಿನ ಪ್ರತಿಯನ್ನು ಸೆಟ್ಲ್‌ಮೆಂಟ್‌ಗೆ ಮುಂಚೆ ಅಥವಾ ಅದರ ಜೊತೆಗೇ ನಿಮಗೆ ಕೊಡಬೇಕು. ಏನೇನು ಕಡಿತ ಮಾಡುತ್ತಾರೆ, ಹೇಗೆ ಲೆಕ್ಕ ಹಾಕುತ್ತಾರೆ ಎಂದು ಮೊದಲೇ ಬರೆದಿರಬೇಕು. ಅವರಿಂದಲೇ ಯಾವುದೋ ಸಾಮಾನು, ಸೇವೆ ಕೊಳ್ಳಲೇಬೇಕು ಎಂದು ಷರತ್ತು ಹಾಕುವಂತಿಲ್ಲ.

ನಿಯಮ ಮೀರಿದರೆ ನೀವೇ ಕೋರ್ಟಿಗೆ ಹೋಗಬಹುದು. ಕೋರ್ಟ್ ಬೇಡ, ಖಾಸಗಿ ಪಂಚಾಯ್ತಿಗೇ ಬನ್ನಿ ಎಂಬ ಷರತ್ತು ಒಪ್ಪಂದಗಳಲ್ಲಿ ಮಾಮೂಲು. 2019ರ ಜನವರಿಯಲ್ಲಿ ನ್ಯೂ ಪ್ರೈಮ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕೇಂದ್ರದ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಾರಿಗೆ ಕೆಲಸಗಾರರಿಗೆ ಇರುವ ವಿನಾಯಿತಿ ಸ್ವತಂತ್ರ ಗುತ್ತಿಗೆದಾರರೆಂದು ಸಹಿ ಮಾಡಿದ ಡ್ರೈವರ್‌ಗಳಿಗೂ ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟಿತು. ಅಂದರೆ ಆ ಕಾಯ್ದೆ ತೋರಿಸಿ ಅಂಥ ಡ್ರೈವರನ್ನು ಪಂಚಾಯ್ತಿಗೆ ಎಳೆಯುವಂತಿಲ್ಲ.

ಎಸ್ಕ್ರೋ ಅಂತ ವಾರ ವಾರ ಹಿಡಿಯುವ ದುಡ್ಡು ವಾಪಸ್ ಬರುತ್ತದೆಯೇ?

ಬರಬೇಕು. ಅದು ನಿಮ್ಮದೇ ಠೇವಣಿ. ಯಾವುದಕ್ಕೆ ಬಳಸಬಹುದು ಎಂದು ಒಪ್ಪಂದದಲ್ಲಿ ಬರೆದಿರಬೇಕು, ಕೇಳಿದಾಗ ಲೆಕ್ಕ ಕೊಡಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡಬೇಕು. ಒಪ್ಪಂದ ಮುಗಿದ 45 ದಿನದೊಳಗೆ ಬಾಕಿ ಕಳೆದು ಉಳಿದದ್ದನ್ನು ವಾಪಸ್ ಮಾಡಬೇಕು. ಗಾಡಿ ಒಪ್ಪಿಸುವ ದಿನ ಟೈರಿನ ಅಚ್ಚು, ಬಂಪರ್, ಕ್ಯಾಬಿನ್ ಒಳಗಿನ ಸೀಟು, ಮೀಟರ್ ಎಲ್ಲದರ ಫೋಟೋ, ವಿಡಿಯೋ ತೆಗೆದುಕೊಳ್ಳಿ. ಗಾಡಿ ತಗೊಳ್ಳುವ ದಿನವೂ ತೆಗೆದಿರಬೇಕು. ಎಸ್ಕ್ರೋ ಕರಗುವುದು ಹೆಚ್ಚಾಗಿ "ಗಾಡಿ ಸರಿಮಾಡಿಸಿದ ಖರ್ಚು" ಎಂಬ ಒಂದು ಸಾಲಿನಲ್ಲಿ.

ಲೋಡ್ ಬೇಡ ಅನ್ನುವ ಸ್ವಾತಂತ್ರ್ಯ ಲೀಸ್‌ನಲ್ಲಿ ಇರುತ್ತದೆ ಅಂತಾರೆ, ನಿಜವೇ?

ಕಾಗದದ ಮೇಲೆ ನಿಜ. ನಾನೂ ಒಂದು ಸಲ ಬೇಡ ಅಂದೆ, ದರ ತೀರಾ ಕಡಿಮೆ ಇತ್ತು. ಮುಂದಿನ ಲೋಡ್ ಸಿಗಲು ಮೂವತ್ತು ಗಂಟೆ ಬೇಕಾಯಿತು. ಲೋಡ್ ಹಂಚುವ ಡಿಸ್ಪ್ಯಾಚರ್ ಬೇಕೆಂದೇ ಮಾಡಿದರೋ, ಲೋಡೇ ಇರಲಿಲ್ಲವೋ ಹೇಳಲಾರೆ. ಆದರೆ ಬಾಡಿಗೆ ಏರುತ್ತಿದ್ದಾಗ ಮತ್ತೆ ಬೇಡ ಅನ್ನುವ ಧೈರ್ಯ ಬರಲಿಲ್ಲ. ಹಿಮ ಬಿದ್ದ ದಿನ ಕಂಪನಿ ಡ್ರೈವರ್ ಆಗಿದ್ದಾಗ ನಿಶ್ಚಿಂತೆಯಿಂದ ಗಾಡಿ ಬದಿಗೆ ಹಾಕುತ್ತಿದ್ದೆ. ಲೀಸ್‌ನಲ್ಲಿ ಅದೇ ಹಿಮದಲ್ಲಿ ಇನ್ನೊಂದಿಷ್ಟು ದೂರ ಹೋಗಿಬಿಡೋಣ ಅನ್ನಿಸುತ್ತಿತ್ತು. ಈ ಒಂದು ಕಾರಣಕ್ಕೇ ಹೊಸ ಡ್ರೈವರ್‌ಗಳು ಲೀಸ್‌ಗೆ ಕೈ ಹಾಕಬಾರದು ಎಂದು ನಾನು ಹೇಳುತ್ತೇನೆ.

ಪೆಟ್ಟಾದರೆ, ಕಾಯಿಲೆ ಬಿದ್ದರೆ?

ಕಂಪನಿ ಡ್ರೈವರ್‌ಗೆ ಕೆಲಸದಲ್ಲಿ ಪೆಟ್ಟಾದರೆ ಸಾಮಾನ್ಯವಾಗಿ ರಾಜ್ಯದ ಕಾನೂನಿನಂತೆ ವರ್ಕರ್ಸ್ ಕಾಂಪೆನ್ಸೇಶನ್ ಇದೆ. ಆರೋಗ್ಯ ವಿಮೆ, ರಜೆ ಕಂಪನಿಯನ್ನು ಅವಲಂಬಿಸಿ ಇರುತ್ತದೆ. ಲೀಸ್‌ನವರು ಆಕ್ಯುಪೇಶನಲ್ ಆಕ್ಸಿಡೆಂಟ್ ಪಾಲಿಸಿ ತಗೊಳ್ಳುತ್ತಾರೆ, ಅದರಲ್ಲಿ ಪರಿಹಾರಕ್ಕೆ ಮಿತಿ ಇರುತ್ತದೆ. ಲೋಡ್ ಎಳೆಯುವಾಗಿನ ಹೊಣೆಗಾರಿಕೆ ವಿಮೆ ಕಂಪನಿಯದ್ದು. ಲೋಡ್ ಇಲ್ಲದೆ ಸ್ವಂತ ಕೆಲಸಕ್ಕೆ ಗಾಡಿ ತೆಗೆದಾಗ ಬೇಕಾಗುವ ಬಾಬ್‌ಟೇಲ್ ವಿಮೆ, ಗಾಡಿಗೆ ಆಗುವ ನಷ್ಟದ ವಿಮೆ ನಿಮ್ಮ ಲೆಕ್ಕಕ್ಕೆ.

ಪೂರ್ತಿ ಕಟ್ಟಿದರೆ ಕೊನೆಗೆ ಗಾಡಿ ನನ್ನದಾಗುತ್ತದಲ್ಲ?

ಕೊನೆಯ ಕಂತು ಎಷ್ಟು ಎಂದು ಒಪ್ಪಂದದ ಹಿಂದಿನ ಪುಟಗಳಲ್ಲಿ ಹುಡುಕಿ. ವಾರದ ಬಾಡಿಗೆಯನ್ನೆಲ್ಲ ಕಟ್ಟಿ ಮುಗಿಸಿದ ಮೇಲೂ ಬಲೂನ್ ಪೇಮೆಂಟ್ ಎಂದು ದೊಡ್ಡ ಮೊತ್ತ ಒಟ್ಟಿಗೆ ಕೇಳುವುದುಂಟು. ಒಂದು ಕಂತು ತಪ್ಪಿದರೂ, ಕಂಪನಿಯ ಜೊತೆಗಿನ ಕೆಲಸ ಮುರಿದುಬಿದ್ದರೂ ಗಾಡಿ ಹಿಂದಕ್ಕೆ ಹೋಗಬಹುದು, ಅಷ್ಟು ದಿನ ಕಟ್ಟಿದ್ದು ಬರೀ ಬಾಡಿಗೆಯಾಗಿ ಹೋಗುತ್ತದೆ. ಅದೇ ಗಾಡಿ ಇನ್ನೊಬ್ಬ ಡ್ರೈವರ್‌ಗೆ ಹೊಸ ಲೀಸ್ ಆಗುತ್ತದೆ.

ಇದು ನನ್ನೊಬ್ಬನ ದೂರಲ್ಲ. 2021ರ ಮೂಲಸೌಕರ್ಯ ಕಾಯ್ದೆಯಡಿ ಟ್ರಕ್ ಲೀಸಿಂಗ್ ಟಾಸ್ಕ್ ಫೋರ್ಸ್ ಎಂಬ ಸಮಿತಿ ರಚನೆಯಾಯಿತು. ಅದು 2025ರ ಜನವರಿಯಲ್ಲಿ ವರದಿ ಕೊಟ್ಟು, ಲೀಸ್-ಪರ್ಚೇಸ್ ಯೋಜನೆಗಳನ್ನು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ನಿಷೇಧಿಸಬೇಕು ಎಂದೇ ಶಿಫಾರಸು ಮಾಡಿತು. ಸುಧಾರಿಸಿ ಎನ್ನಲಿಲ್ಲ, ನಿಷೇಧಿಸಿ ಎಂದಿತು.

ಹಾಗಾದರೆ ಲೀಸ್ ಯಾರಿಗೂ ಸರಿಯಲ್ಲವೇ?

ಕೆಲವರಿಗೆ ಸರಿ. ಕನಿಷ್ಠ ಎರಡು ಮೂರು ವರ್ಷ ಓಡಿಸಿ, ಯಾವ ದಾರಿಯಲ್ಲಿ ಯಾವ ಕಾಲದಲ್ಲಿ ಲೋಡ್ ಇರುತ್ತದೆ ಎಂದು ಬಲ್ಲವರು. ಸಣ್ಣಪುಟ್ಟ ರಿಪೇರಿ ಕೈಯಾರೆ ಮಾಡಬಲ್ಲವರು. ಎರಡು ತಿಂಗಳ ಮನೆಖರ್ಚಿನ ಜೊತೆಗೆ ಒಂದು ದೊಡ್ಡ ಇಂಜಿನ್ ರಿಪೇರಿಗೆ ಆಗುವಷ್ಟು ದುಡ್ಡು ಬ್ಯಾಂಕಿನಲ್ಲಿ ಇಟ್ಟವರು. ಅಂಥವರು ಕೂಡ ಲೋಡ್ ಕೊಡುವ ಕಂಪನಿಯ ಹತ್ತಿರ ಗಾಡಿ ತಗೊಳ್ಳದೆ, ಬೇರೆ ಕಡೆ ಸಾಲ ಮಾಡಿ ತಗೊಂಡು ಅಟ್ಯಾಚ್ ಮಾಡುವುದು ಒಳ್ಳೆಯದು. ದರ ಬಿದ್ದರೆ ಗಾಡಿ ಸಮೇತ ಬೇರೆ ಕಂಪನಿಗೆ ಹೋಗಬಹುದು. ಆ ಒಂದು ಬಾಗಿಲು ತೆರೆದಿದ್ದರೆ ಉಳಿದ ಕಷ್ಟಗಳನ್ನು ತಡೆದುಕೊಳ್ಳಬಹುದು.

ಕ್ರೆಡಿಟ್ ಸರಿಯಿಲ್ಲ, ಬೇರೆ ಕಡೆ ಸಾಲ ಹುಟ್ಟುವುದಿಲ್ಲ, ಅದಕ್ಕೇ ಕಂಪನಿ ಲೀಸ್ ಎನ್ನುವವರಿಗೆ ನನ್ನ ಮಾತು: ಒಂದು ವರ್ಷ ಕಂಪನಿ ಗಾಡಿ ಓಡಿಸಿ ಕ್ರೆಡಿಟ್ ಸರಿಮಾಡಿಕೊಳ್ಳಿ.

ಕಂಪನಿ ಡ್ರೈವರ್ ಆಗಿಯೇ ಉಳಿದರೆ ತೊಂದರೆಯೇ ಇಲ್ಲವೇ?

ಇದೆ. ಹೆದ್ದಾರಿ ಡ್ರೈವರ್‌ಗಳಲ್ಲಿ ಹೆಚ್ಚಿನವರಿಗೆ ಕೇಂದ್ರದ ಕಾನೂನಿನಲ್ಲಿ ಓವರ್‌ಟೈಮ್ ಇಲ್ಲ. ಗೋದಾಮಿನ ಬಾಗಿಲಲ್ಲಿ ಐದಾರು ಗಂಟೆ ಕಾದರೆ ಎಷ್ಟೋ ಕಡೆ ಪುಡಿಗಾಸು. ಆದ್ದರಿಂದ ಮೈಲಿ ದರ ಒಂದನ್ನೇ ಕೇಳಿ ಸೇರಬೇಡಿ. ವಾರಕ್ಕೆ ಖಾತ್ರಿ ಕನಿಷ್ಠ ಸಂಬಳ ಇದೆಯೇ, ಡಿಟೆನ್ಷನ್ (ಕಾಯುವ ಹೊತ್ತಿಗೆ ಕೊಡುವ ದುಡ್ಡು) ಎಷ್ಟು ಗಂಟೆ ಆದ ಮೇಲೆ ಶುರು, ಬ್ರೇಕ್‌ಡೌನ್ ದಿನಕ್ಕೆ ಎಷ್ಟು, ಎಷ್ಟು ವಾರಕ್ಕೊಮ್ಮೆ ಮನೆಗೆ ಬಿಡುತ್ತಾರೆ, ಇವಿಷ್ಟೂ ಬರವಣಿಗೆಯಲ್ಲಿ ಇರಲಿ.

ಸಹಿ ಮಾಡುವ ಮುನ್ನ ಕೊನೆಯದಾಗಿ ಏನು ಮಾಡಲಿ?

ಒಪ್ಪಂದದ ಪ್ರತಿಯನ್ನು ಮನೆಗೆ ತಗೊಂಡು ಹೋಗಲು ಬಿಡಿ ಎಂದು ಕೇಳಿ. ಇವತ್ತೇ ಸಹಿ ಮಾಡಿ, ನಾಳೆ ಈ ಗಾಡಿ ಇರಲ್ಲ ಎಂದರೆ ಎದ್ದು ಬನ್ನಿ. ಕೊಟ್ಟರೆ ವಕೀಲರಿಗೆ ತೋರಿಸಿ. ಮಿಸ್ಸೌರಿಯ ಗ್ರೇನ್ ವ್ಯಾಲಿಯಲ್ಲಿರುವ ಸ್ವಂತ ಗಾಡಿ ಡ್ರೈವರ್‌ಗಳ ಸಂಘ ಒಒಐಡಿಎಗೆ ಲೀಸ್ ಒಪ್ಪಂದಗಳ ವಿಷಯದಲ್ಲಿ ಹಳೆಯ ಅನುಭವವಿದೆ, ಅವರನ್ನು ಕೇಳಿ. ಆಮೇಲೆ ಅದೇ ಕಂಪನಿಯಲ್ಲಿ ಲೀಸ್ ಗಾಡಿ ಓಡಿಸುವ ಇಬ್ಬರು ಮೂವರನ್ನು ಟ್ರಕ್ ಸ್ಟಾಪ್‌ನಲ್ಲಿ ಹುಡುಕಿ ಮಾತಾಡಿಸಿ. "ಹೇಗಿದೆ?" ಎಂದು ಕೇಳಬೇಡಿ, ಎಲ್ಲರೂ ಪರವಾಗಿಲ್ಲ ಅಂತಾರೆ. ಹೋದ ಹನ್ನೆರಡು ವಾರದ ಸೆಟ್ಲ್‌ಮೆಂಟ್ ಕಾಗದಗಳನ್ನು ತೋರಿಸುತ್ತೀರಾ ಎಂದು ಕೇಳಿ, ಒಂದೊಂದರ ಕೊನೆಯ ಸಾಲನ್ನೂ ಓದಿ.